ಸಿಯಾಲೆ ಹೂವಿನ ಹಾಡು

ಫೆಲೆತಿಗೆ ಹೆಂಡತಿಯ ಹೆಸರು ಮರೆತುಹೋಗಿತ್ತು. ಅದನ್ನಾದರೂ ಪಿಸಿಲಾ ಹೇಗೋ ಸಹಿಸಿಕೊಂಡಿದ್ದಳು. ತನ್ನ ಅಕ್ಕನ ಹೆಸರು ಮಾತ್ರ ಅವನಿಗೆ ನೆನಪಿತ್ತಲ್ಲ, ಅದನ್ನು ಸಹಿಸುವುದು ಅವಳ ಕೈಲಾಗಲಿಲ್ಲ.

ಮಾಂಗೆರೆಯ ನಮ್ಮ ಬೀದಿಯಲ್ಲಿ ಟೋಂಗಾ ದ್ವೀಪಗಳಿಂದ ಬಂದು ನೆಲೆಸಿದವರ ಮನೆಗಳು ಎಷ್ಟೋ ಇವೆ. ಆದರೆ ‘ಹಾಡಿಸುವ ಫೆಲೆತಿಯ ಮನೆ’ ಎಂದರೆ ಚಿಕ್ಕ ಮಕ್ಕಳೂ ಕೈ ಮಾಡಿ ತೋರಿಸುತ್ತಿದ್ದರು. ಚರ್ಚಿನ ಗಾಯಕರನ್ನೆಲ್ಲ ನಿಲ್ಲಿಸಿಕೊಂಡು, ಕರಿಹಲಗೆಯ ಮೇಲೆ ಸ್ವರಗಳನ್ನು ಅಂಕಿಗಳಲ್ಲಿ ಬರೆದು, ಕೈಯಲ್ಲೊಂದು ಕೋಲು ಹಿಡಿದು ಅವನು ಹಾಡಿಸುತ್ತಿದ್ದ. ತಪ್ಪಿದವರನ್ನು ಹೆಸರು ಹಿಡಿದು ಬಯ್ಯುತ್ತಿದ್ದ. ಇಡೀ ಸಭೆಯ ಹೆಸರು ಬಾಯಿಪಾಠವಿದ್ದ ಮನುಷ್ಯ ಈಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ನರ್ಸಮ್ಮಾ, ಇಲ್ಲಿ ಊಟ ಎಷ್ಟು ಹೊತ್ತಿಗೆ ಕೊಡ್ತೀರಿ?” ಎಂದು ಹೆಂಡತಿಯನ್ನು ಕೇಳುತ್ತಿದ್ದ.

“ನರ್ಸಮ್ಮ ಅಲ್ಲ ರೀ, ನಾನು ಪಿಸಿಲಾ.”

“ಆಗಲಿ. ಊಟ ಎಷ್ಟು ಹೊತ್ತಿಗೆ?”

ಅಂಥದ್ದರಲ್ಲಿ ಲವಿನಿಯಾ ಬಂದಳು. ಫೆಲೆತಿಯ ಅಕ್ಕ. ಟೋಂಗಾದ ವವಾಉ ದ್ವೀಪದ ಹಳ್ಳಿಯಿಂದ ಬಂದು ಪಕ್ಕದ ಬಡಾವಣೆ ಓಟಾಹುಹುವಿನಲ್ಲಿ ಮಗಳ ಮನೆಯಲ್ಲಿ ಇಳಿದುಕೊಂಡು, ದಿನಾ ಬೆಳಿಗ್ಗೆ ಬಸ್ಸು ಹತ್ತಿ ತಮ್ಮನನ್ನು ನೋಡಲು ಬರುತ್ತಿದ್ದಳು. ಮೊದಲ ದಿನ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಫೆಲೆತಿ ಎದ್ದು ನಿಂತ. ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡ. ಟಿವಿಯಲ್ಲಿ ಯಾರೋ ಯಾರನ್ನೋ ಅಪ್ಪಿಕೊಂಡಿದ್ದರು, ಅದನ್ನು ಆರಿಸಿದ. ಒಳ್ಳೆಯ ಕುರ್ಚಿಯನ್ನು ಅಕ್ಕನಿಗೆ ಬಿಟ್ಟು ತಾನು ಗೋಡೆಯ ಪಕ್ಕ ಚಾಪೆಯ ಮೇಲೆ ಕೂತ.

“ಲವಿನಿಯಾ,” ಎಂದ. “ದೋಣಿ ಬೇಗ ಸಿಕ್ತಾ?”

ಪಿಸಿಲಾ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ಚಾಕು ಬ್ರೆಡ್ಡನ್ನು ಹರಿದು ತಟ್ಟೆಗೆ ತಾಗಿತು.

“ನೋಡಿದ್ಯಾ ಹುಡುಗೀ?” ಎಂದಳು ಲವಿನಿಯಾ. ಪಿಸಿಲಾಳಿಗೆ ಎಪ್ಪತ್ತು ದಾಟಿದ್ದರೂ ಲವಿನಿಯಾಳ ಬಾಯಲ್ಲಿ ಅವಳು ಮದುವೆಯಾದ ದಿನದಿಂದಲೂ ಹುಡುಗಿಯೇ. “ಮರೆವು ಅಂತೀರಿ, ಕಾಯಿಲೆ ಅಂತೀರಿ. ನನ್ನ ತಮ್ಮ ಸರಿಯಾಗೇ ಇದಾನೆ. ನೋಡ್ಕೊಳ್ಳೋರು ಸರಿಯಾಗಿರ್ಬೇಕು, ಅಷ್ಟೆ.”

ಸೊಸೆ ವಿಕಾ ಒಗೆದ ಬೆಡ್‌ಶೀಟುಗಳ ಬುಟ್ಟಿ ಹೊತ್ತು ಅದೇ ಹೊತ್ತಿಗೆ ಹಾಯುತ್ತಿದ್ದಳು. ಅವಳ ಮುಖ ನೋಡಿದರೆ ಬುಟ್ಟಿಯನ್ನು ಯಾರ ತಲೆಯ ಮೇಲೆ ಸುರಿಯಬೇಕು ಎಂದು ಯೋಚಿಸುತ್ತಿರುವಂತಿತ್ತು. ಆದರೆ ಸುರಿಯಲಿಲ್ಲ. ಗಂಡಸಿನ ಅಕ್ಕ ಎಂದರೆ ನಮ್ಮಲ್ಲಿ ಸಾಮಾನ್ಯವಲ್ಲ. ಮದುವೆಯಲ್ಲೂ ಸಾವಿನಲ್ಲೂ ಮೊದಲ ಚಾಪೆ ಅವಳದು, ಮೊದಲ ತುತ್ತು ಅವಳದು. ಅವಳು ಕೇಳಿದ್ದಕ್ಕೆ ಇಲ್ಲ ಎನ್ನುವ ಮಾತು ತಮ್ಮನ ಮನೆಯಲ್ಲಿ ಯಾರ ಬಾಯಲ್ಲೂ ಹುಟ್ಟುವುದಿಲ್ಲ.

ಲವಿನಿಯಾ ಕೇಳಿದ್ದು ಭಾನುವಾರದ ಊಟದಲ್ಲಿ. ಮಗ ಸೆಮಿಸಿ ಬೆಳಗಿನಿಂದ ಹಿತ್ತಲಿನ ಕುಳಿಯಲ್ಲಿ ಕಲ್ಲು ಕಾಯಿಸಿ ಅಡುಗೆ ಹೂತಿದ್ದ. ಕೆಸವಿನೆಲೆಯಲ್ಲಿ ಕಟ್ಟಿ ತೆಂಗಿನ ಹಾಲಿನಲ್ಲಿ ಬೆಂದ ಮಾಂಸದ ಪೊಟ್ಟಣಗಳು ಮೇಜಿನ ಮೇಲೆ ಹಬೆಯಾಡುತ್ತಿದ್ದವು. ಲವಿನಿಯಾ ಮೊದಲ ಪೊಟ್ಟಣ ಬಿಚ್ಚಿ, ತಿಂದು, ಬೆರಳು ಒರೆಸಿಕೊಂಡು ಹೇಳಿದಳು:

“ಮೇ ತಿಂಗಳಲ್ಲಿ ಚರ್ಚಿನ ಮಕ್ಕಳ ಹಬ್ಬದ ಭಾನುವಾರ ಮುಗಿಸ್ಕೊಂಡು ನಾನು ಊರಿಗೆ ಹೊರಡ್ತೀನಿ. ಫೆಲೆತೀನ ಕರ್ಕೊಂಡು ಹೋಗ್ತೀನಿ.”

ಸೆಮಿಸಿ ತಟ್ಟೆ ನೋಡಿದ. ವಿಮಾನ ನಿಲ್ದಾಣದಲ್ಲಿ ದಿನಾ ಜನರ ಪೆಟ್ಟಿಗೆ ಎತ್ತಿ ಹಾಕುವ ಆಳು ಅವನು, ತೋಳು ತೊಡೆಯಷ್ಟು ದಪ್ಪ. ಸೋದರತ್ತೆಯ ಮುಂದೆ ಮಾತ್ರ ಬಾಯಿ ಬಾರದ ಕರು.

ವಿಕಾಳೇ ಕೇಳಿದಳು. “ದೊಡ್ಡತ್ತೆ, ಅಲ್ಲಿ ಡಾಕ್ಟರು, ಔಷಧಿ...”

“ಸಮುದ್ರದ ಗಾಳಿ ಇದೆ, ನಾನಿದೀನಿ. ನನ್ನ ಮನೆ ಹಿಂದೆ ಅವನಿಗೆ ಅಂತ್ಲೇ ಒಂದು ಚಿಕ್ಕ ಮನೆ ಕಟ್ಟಿಸಿದೀನಿ.”

“ಮತ್ತೆ ಅತ್ತೆ?”

“ಬರೋದಾದ್ರೆ ಬರ್ಲಿ. ಆದ್ರೆ ಇವಳು ಯಾರು ಅಂತ್ಲೇ ಅವನಿಗೆ ಗೊತ್ತಿಲ್ವಲ್ಲ, ಬಂದು ಏನ್ಮಾಡ್ತಾಳೆ?”

ಪಿಸಿಲಾ ಹೋಗುವಂತಿರಲಿಲ್ಲ. ಅವಳ ಮೂತ್ರಪಿಂಡ ಕೈಕೊಟ್ಟು ಎರಡು ವರ್ಷವಾಗಿತ್ತು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಯಂತ್ರಕ್ಕೆ ತೋಳು ಕೊಟ್ಟು ರಕ್ತ ತೊಳೆಸಿಕೊಂಡು ಬರಬೇಕಿತ್ತು. ಆ ಯಂತ್ರ ವವಾಉದಲ್ಲಿಲ್ಲ. ಫೆಲೆತಿ ದ್ವೀಪಕ್ಕೆ ಹೋದರೆ ಅವಳು ಅವನನ್ನು ಮತ್ತೆ ನೋಡುವುದಿಲ್ಲ. ಅದು ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಿತ್ತು, ಫೆಲೆತಿಯೊಬ್ಬನನ್ನು ಬಿಟ್ಟು. ಅವನು ತನ್ನ ಪೊಟ್ಟಣದ ದೊಡ್ಡ ಮಾಂಸದ ತುಂಡನ್ನು ಆರಿಸಿ ಅಕ್ಕನ ತಟ್ಟೆಗೆ ಕಳಿಸುತ್ತಿದ್ದ.

“ಆಯ್ತು ದೊಡ್ಡತ್ತೆ,” ಎಂದ ಸೆಮಿಸಿ.

ಆ ಸಂಜೆ ಪಾತ್ರೆ ತೊಳೆಯುವಾಗ ಪಿಸಿಲಾ ಮಗನಿಗೆ ಹೇಳಿದಳು, “ನಿನ್ನ ಬಾಯಿಗೆ ಕೆಸುವಿನ ಗೆಡ್ಡೆ ತುರುಕಿಕೊಂಡಿದ್ಯೇನೋ?”

“ಏನಂತ ಹೇಳ್ಲಮ್ಮ? ಅವರನ್ನ ಕಂಡ್ರೆ ಅಪ್ಪ ಸುಮ್ನಿರ್ತಾರೆ. ನಿನ್ನ ಕಂಡ್ರೆ ಸ್ನಾನಾನೂ ಮಾಡಲ್ಲ. ಮೊನ್ನೆ ನೀರಿನ ಮಗ್ಗು ತಗೊಂಡು ಹೊಡೆದ್ರಲ್ಲ.”

“ಹೊಡೆದ್ರೆ ಹೊಡೆಸಿಕೊಳ್ತೀನಿ. ನಿನಗೇನು?”

*

ಪ್ರತಿ ಗುರುವಾರ ಬೆಳಿಗ್ಗೆ ಹೆದರ್ ಬರುತ್ತಿದ್ದಳು. ನೆನಪು ಹೋದವರಿಗೆ ಹಾಡಿನಿಂದ ಚಿಕಿತ್ಸೆ ಮಾಡುವವಳು. ಆಸ್ಪತ್ರೆಯವರು ಗೊತ್ತು ಮಾಡಿ ಕಳಿಸಿದ್ದರು. ಕೆಂಚು ಕೂದಲಿನ ಬಿಳಿ ಹುಡುಗಿ, ಹೆಗಲಿಗೊಂದು ಗಿಟಾರು. ಬಂದವಳೇ ಚಪ್ಪಲಿ ಬಿಟ್ಟು, ಫೆಲೆತಿಯ ಎದುರು ನೆಲದ ಮೇಲೆ ಕೂತು, ಅವನ ಬೆರಳು ಕುರ್ಚಿಯ ಕೈ ಮೇಲೆ ಹೇಗೆ ಬಡಿಯುತ್ತದೋ ಅದೇ ಲಯಕ್ಕೆ ತಂತಿ ಮೀಟುತ್ತಿದ್ದಳು. ಅವನು ಸಿಟ್ಟಿನಿಂದ ಬೇಗ ಬಡಿದರೆ ಅವಳೂ ಬೇಗ. ಆಮೇಲೆ ಮೆಲ್ಲಮೆಲ್ಲಗೆ ತಾನು ನಿಧಾನವಾಗುತ್ತಿದ್ದಳು, ಅವನ ಬೆರಳೂ ನಿಧಾನವಾಗುತ್ತಿತ್ತು. ಪಿಸಿಲಾಳನ್ನು ಬಾಯ್ತುಂಬ ಹೆಸರು ಹಿಡಿದು ಕರೆಯುತ್ತಿದ್ದಳು. ಆ ಮನೆಯಲ್ಲಿ ಈಗ ಆ ಹೆಸರು ಕೇಳಿಸುತ್ತಿದ್ದುದು ಅವಳೊಬ್ಬಳ ಬಾಯಲ್ಲಿ.

ಮೊದಮೊದಲು ಪಿಸಿಲಾಳಿಗೆ ಅವಳ ಮೇಲೂ ಹೊಟ್ಟೆಕಿಚ್ಚೇ. ಗುರುವಾರ ಬಂತೆಂದರೆ ಫೆಲೆತಿ ಟೈ ಕಟ್ಟಿಕೊಂಡು, ಚರ್ಚಿಗೆ ಹೋಗುವಾಗ ಸೊಂಟಕ್ಕೆ ಕಟ್ಟುವ ಹೆಣೆದ ಚಾಪೆ ಸುತ್ತಿಕೊಂಡು ಕಿಟಕಿಯಲ್ಲಿ ಕಾಯುತ್ತಿದ್ದ. ಹೆದರ್ ಚರ್ಚಿನ ಹಾಡನ್ನು ಸರಿಯಾದ ಶ್ರುತಿಯಲ್ಲಿ ಎತ್ತಿಕೊಂಡರೆ “ಭೇಷ್!” ಎನ್ನುತ್ತಿದ್ದ.

“ನಾನು ಎಂಟು ವರ್ಷ ಅಪ್ಪನ ಕೈ ಕೆಳಗೆ ಹಾಡಿದೀನಿ. ಒಂದ್ಸಲಾನೂ ಭೇಷ್ ಅನ್ಲಿಲ್ಲ,” ಎಂದ ಸೆಮಿಸಿ.

“ಗಿಟಾರು ತಂದೋಳಿಗೆ ಭೇಷ್, ಬೆಡ್‌ಶೀಟು ಒಗೆದೋಳಿಗೆ ಸೋಪಿನ ನೊರೆ,” ಎಂದಳು ವಿಕಾ.

“ಹಿತ್ತಲ ಗಿಡ ಮದ್ದಲ್ಲ ಕಣಮ್ಮ,” ಎಂದಳು ಪಿಸಿಲಾ.

ಆದರೆ ಹೆದರ್‌ಗೆ ತೃಪ್ತಿಯಿರಲಿಲ್ಲ. “ಚರ್ಚಿನ ಹಾಡು ಹಾಡ್ತಾರೆ, ಸರಿ. ಆದ್ರೆ ಕೆಲಸಕ್ಕೆ ಬಂದಿರೋರ ಥರ ಹಾಡ್ತಾರೆ. ಇವರು ಹುಡುಗರಾಗಿದ್ದಾಗ ಖುಷಿಗೆ ಹಾಡಿದ್ದು ಯಾವುದು? ಹದಿನೈದರಿಂದ ಇಪ್ಪತ್ತೈದರೊಳಗೆ ಕೇಳಿದ ಹಾಡು ಎಲ್ಲಕ್ಕಿಂತ ಗಟ್ಟಿಯಾಗಿ ಉಳಿಯುತ್ತೆ. ಆಮೇಲಿಂದು ಮೊದಲು ಹೋಗುತ್ತೆ.”

ಪಿಸಿಲಾ ಫೆಲೆತಿಯನ್ನು ಮದುವೆಯಾದಾಗ ಅವನಿಗೆ ಇಪ್ಪತ್ತೆಂಟು. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಒಳ್ಳೆಯ ಕುರ್ಚಿಯಲ್ಲಿ ಕೂತು ಬೀಸಣಿಗೆ ಆಡಿಸುತ್ತಿದ್ದ ಲವಿನಿಯಾಳೇ ಉತ್ತರ ಕೊಟ್ಟಳು. “ನನ್ನ ತಮ್ಮ ದೇವರ ಹಾಡು ಬಿಟ್ಟು ಬೇರೆ ಹಾಡಿದ್ದನ್ನ ನಾನು ಕೇಳೇ ಇಲ್ಲ.”

ಅದು ನಿಜವೂ ಹೌದು. ಅಕ್ಕ ಇದ್ದ ಕಡೆ ತಮ್ಮ ಹೇಗೆ ಪ್ರೇಮದ ಹಾಡು ಹಾಡುತ್ತಾನೆ? ನಮ್ಮಲ್ಲಿ ರೇಡಿಯೋದಲ್ಲಿ ಅಂಥದ್ದು ಬಂದರೂ ಅಕ್ಕನೋ ತಮ್ಮನೋ ಒಬ್ಬರು ಎದ್ದು ಹೊರಗೆ ಹೋಗುತ್ತಾರೆ. ಇದನ್ನು ಹೆದರ್‌ಗೆ ಯಾರಾದರೂ ಹೇಳಬೇಕಿತ್ತು. ಹೇಳಿದರೆ ಅವಳು ಸೀದಾ ಲವಿನಿಯಾಳಿಗೇ “ಸ್ವಲ್ಪ ಹೊರಗೆ ಕೂತ್ಕೊಳ್ಳಿ” ಎಂದುಬಿಟ್ಟಾಳು ಎಂದು ಎಲ್ಲರಿಗೂ ಹೆದರಿಕೆ. ಹಾಗಾಗಿ ವಾರಗಟ್ಟಲೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತರು, ಬಿಳಿ ಹುಡುಗಿ ದೇವರ ಹಾಡನ್ನೇ ಮೀಟಿ ಮೀಟಿ ಸುಸ್ತಾದಳು.

ಏಪ್ರಿಲ್‌ನಲ್ಲಿ ಓಟಾಹುಹುವಿನಲ್ಲಿ ಯಾರೋ ನೆಂಟರು ಸತ್ತು, ಲವಿನಿಯಾ ಆ ವಾರವೆಲ್ಲ ಅಲ್ಲಿ ಹೆಣದ ತಲೆದೆಸೆಯ ಚಾಪೆಯ ಮೇಲೆ ಕೂರಬೇಕಾಯಿತು. ಆ ಗುರುವಾರ ಕುರ್ಚಿ ಖಾಲಿ. ಹೆದರ್ ಸುಮ್ಮನೆ ಕೈ ಆಡಿಸುತ್ತ, ದ್ವೀಪದ ಹುಡುಗರು ದೋಣಿಯಲ್ಲಿ ಬಡಿಯುವಂಥ ಒಂದು ಹಳೆಯ ತಾಳ ಹಿಡಿದಳು. ಫೆಲೆತಿ ಖಾಲಿ ಕುರ್ಚಿಯನ್ನು ನೋಡಿದ. ಬಾಗಿಲನ್ನು ನೋಡಿದ. ಆಮೇಲೆ ಬಾಯಿ ತೆರೆದ.

ಅಡುಗೆಮನೆಯಲ್ಲಿ ಪಿಸಿಲಾ ಕೆಸವಿನೆಲೆಯ ನಾರು ತೆಗೆಯುತ್ತಿದ್ದಳು. ಚರ್ಚಿನಲ್ಲಿ ಕೇಳಿದ್ದ ಗಂಭೀರ ದನಿಯಲ್ಲ ಅದು. ಇಪ್ಪತ್ತರ ಹುಡುಗನ ದನಿ, ಎಪ್ಪತ್ತೇಳರ ಗಂಟಲಿನಿಂದ ಬರುತ್ತಿತ್ತು. ಬೆಟ್ಟದ ಬದಿಯ ಸಿಯಾಲೆಯೇ, ಗಾಳಿ ತಿರುಗಿದಾಗ ನಿನ್ನ ಕಂಪು ನನ್ನ ದೋಣಿಗೆ ಬಂತು, ನಾನು ಹುಟ್ಟು ಹಾಕುವುದನ್ನೇ ಮರೆತೆ ಎಂದು ಅವನು ಹಾಡುತ್ತಿದ್ದ. ಒಂದು ನುಡಿಯೂ ತಪ್ಪಲಿಲ್ಲ. ಹಾಡು ಮುಗಿದ ಮೇಲೆ ನಕ್ಕ, ನೀರು ಕೇಳಿದ, ಮತ್ತೆ ಮೊದಲಿನಿಂದ ಹಾಡಿದ.

ಹೆದರ್ ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಓಡಿ ಬಂದಳು. “ಪಿಸಿಲಾ! ಕೇಳಿದ್ರಾ? ಏನು ಹಾಡು ಅದು? ಹೂವಿನ ಬಗ್ಗೆಯಾ?”

“ಹೂಂ,” ಎಂದಳು ಪಿಸಿಲಾ. “ಹೂವಿನ ಬಗ್ಗೆ.”

ನಮ್ಮ ಹಾಡುಗಳಲ್ಲಿ ಹೂವು ಎಂದರೆ ಹೂವಲ್ಲ. ಹೆಸರು ಹೇಳಲಾಗದ ಹೆಣ್ಣು.

*

ಹಿತ್ತಲಿನಲ್ಲಿ ಒಂದು ಸಿಯಾಲೆ ಗಿಡವಿತ್ತು. ಮನೆ ಕೊಂಡ ವರ್ಷ ಫೆಲೆತಿಯೇ ನೆಟ್ಟದ್ದು. ಬಿಳಿಯ ಹೂವು, ಗಮಗಮ ಪರಿಮಳ. ಮರುದಿನ ಬೆಳಿಗ್ಗೆ ಮೊಮ್ಮಗಳು ಓಫಾ ಕೆಲಸಕ್ಕೆ ಹೊರಟಾಗ ಅಜ್ಜಿ ಗಿಡದ ಮುಂದೆ ನಿಂತು ಮೊಗ್ಗುಗಳನ್ನು ಒಂದೊಂದಾಗಿ ಚಿವುಟಿ ನೆಲಕ್ಕೆ ಹಾಕುತ್ತಿದ್ದಳು.

“ಏನಜ್ಜೀ ಮಾಡ್ತಿದೀಯ?”

“ಹುಳ ಬಿದ್ದಿದೆ.”

“ಗಿಡಕ್ಕಾ, ನಿನಗಾ?”

“ಇಷ್ಟು ವರ್ಷ ಪಾತ್ರೆ ತೊಳೆದ ನೀರು ತಂದು ತಂದು ಇದಕ್ಕೆ ಹೊಯ್ದಿದೀನಲ್ಲೇ! ಪ್ರತಿ ಹಬ್ಬಕ್ಕೂ ಇದರದ್ದೇ ಹಾರ ಪೋಣಿಸಿ ನಾನೇ ಅವರ ಕೊರಳಿಗೆ ಹಾಕಿದೀನಲ್ಲೇ! ಮುಖ ಇಷ್ಟಗಲ ಮಾಡ್ಕೊಂಡು ಹಾಕಿಸ್ಕೊಳ್ತಿದ್ರು. ಈಗ ಗೊತ್ತಾಯ್ತು ಯಾಕೆ ಅಂತ. ನನಗೆ ಅಂತ ಒಂದು ಹುಲ್ಲುಕಡ್ಡಿ ಮೇಲೂ ಹಾಡು ಕಟ್ಟಲಿಲ್ಲ.”

“ಅಜ್ಜೀ, ಅವಳು ಬದುಕಿದ್ರೆ ಈಗ ಹಲ್ಲಿರಲ್ಲ.”

“ಹಾಡಿನಲ್ಲಿ ಇದ್ಯಲ್ಲ, ಎಲ್ಲ ಹಲ್ಲೂ!”

ಆ ಸಂಜೆ ಪಿಸಿಲಾ ಹೆದರ್‌ಗೆ ಫೋನು ಮಾಡಿಸಿ, ಇನ್ನು ಬರಬೇಡ, ಅವರಿಗೆ ಆಯಾಸವಾಗುತ್ತದೆ ಎಂದು ಹೇಳಿಸಿದಳು.

ವಿಕಾ ಕೇಳಿದವಳೇ ಕೆರಳಿದಳು. “ಅತ್ತೆ, ನಿಮಗೆ ತಲೆ ಕೆಟ್ಟಿದ್ಯಾ? ನಿನ್ನೆ ಮಾವ ತಟ್ಟೆ ಖಾಲಿ ಮಾಡಿದ್ರು. ನಾನು ಕರೆದ ತಕ್ಷಣ ಸ್ನಾನಕ್ಕೆ ಬಂದ್ರು, ಸಿಯಾಲೆ ಸಿಯಾಲೆ ಅಂತ ಹಾಡ್ತಾ ಬೆನ್ನು ಉಜ್ಜಿಸ್ಕೊಂಡ್ರು.”

“ಅವಳ ಹೆಸರು ಹೇಳ್ಕೊಂಡು ಸ್ನಾನ ಮಾಡೋದಾದ್ರೆ ಕೊಳಕಾಗೇ ಇರ್ಲಿ.”

“ಕೊಳಕು ತೊಳೆಯೋಳು ನಾನು!”

“ನಿನ್ನ ಗಂಡ ಬೇರೆ ಹೆಂಗಸಿನ ಹಾಡು ಹಾಡಿದಾಗ ನನಗೆ ಹೇಳು. ಆಗ ನೋಡ್ತೀನಿ ನಿನ್ನ ನ್ಯಾಯಾನ.”

“ನನ್ನ ಗಂಡ ಹಾಡಿದ್ರೆ ಬೀದಿ ನಾಯಿಗಳೇ ಓಡ್ತವೆ, ಹೆಂಗಸರಿನ್ನೆಲ್ಲಿ!” ಎಂದಳು ವಿಕಾ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಸೆಮಿಸಿ ಲೋಟ ಎತ್ತಿಕೊಂಡು ಹೊರಗೆ ಹೋದ.

ಎರಡು ಗುರುವಾರ ಗಿಟಾರಿಲ್ಲದೆ ಹೋದವು. ಫೆಲೆತಿ ಟೈ ಕಟ್ಟಿಕೊಂಡು ಕಿಟಕಿಯಲ್ಲಿ ಕೂತೇ ಇರುತ್ತಿದ್ದ. ಸಂಜೆಯಾದರೂ ಟೈ ಬಿಚ್ಚಲು ಬಿಡುತ್ತಿರಲಿಲ್ಲ. ಊಟದ ತಟ್ಟೆಯನ್ನು ಒಮ್ಮೆ ದೂಡಿದ, ಇನ್ನೊಮ್ಮೆ ಎಸೆದ. ಸ್ನಾನದ ಮನೆಯ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದ. ಪಿಸಿಲಾ ಅವನ ಕೈ ಬಿಡಿಸಲು ಹೋಗಿ ಬಿದ್ದು, ಯಂತ್ರಕ್ಕೆ ಕೊಡುವ ತೋಳೇ ನೀಲಿಗಟ್ಟಿತು.

ಸಾವಿನ ಕಾರ್ಯ ಮುಗಿಸಿ ಮತ್ತೆ ದಿನಾ ಬರತೊಡಗಿದ್ದ ಲವಿನಿಯಾ ಆ ತೋಳು ನೋಡಿದಳು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. “ನಿನ್ನ ಕೈಲಾಗಲ್ಲ ಹುಡುಗೀ. ಸೆಮಿಸಿ, ಮುಂದಿನ ಗುರುವಾರ ಅವನ ಬಟ್ಟೆ ಪೆಟ್ಟಿಗೆಗೆ ತುಂಬೋಕೆ ಬರ್ತೀನಿ. ಭಾನುವಾರ ಹಬ್ಬ, ಮಂಗಳವಾರ ವಿಮಾನ.”

ಅವಳು ಹೋದ ಮೇಲೆ ಸೆಮಿಸಿ ತಾಯಿಯ ಮುಂದೆ ಕೂತ. “ಅಮ್ಮ, ಬಹುಶಃ ಅದೇ ಒಳ್ಳೇದು. ನೀನೂ ಬೀಳ್ತೀಯ, ಅವರೂ ಬೀಳ್ತಾರೆ.”

“ನಿನಗೂ ಸಾಕಾಯ್ತು ಅನ್ನು.”

“ಸಾಕಾಗಿಲ್ಲಮ್ಮ. ಹೆದರಿಕೆ ಆಗ್ತದೆ.”

ಪಿಸಿಲಾ ಎದ್ದು ಕಿಟಕಿಯ ಹತ್ತಿರ ಹೋದಳು. ಫೆಲೆತಿ ಬೀದಿ ನೋಡುತ್ತಿದ್ದ. ಟೈನ ಗಂಟು ಕಿವಿಯ ಕೆಳಗೆ ಸರಿದಿತ್ತು. ಅವಳು ಅದನ್ನು ಸರಿಪಡಿಸಿದಳು. ಅವನು ಬಿಟ್ಟುಕೊಟ್ಟ.

“ನರ್ಸಮ್ಮಾ, ಗಿಟಾರಿನ ಹುಡುಗಿ ಸತ್ತುಹೋದ್ಲಾ?”

ಪಿಸಿಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಹಾಡಿನ ಹೆಂಗಸನ್ನು ಮನೆಯೊಳಗೆ ಬಿಟ್ಟುಕೊಂಡರೆ ಗಂಡ ಉಳಿಯುತ್ತಾನೆ. ಇಲ್ಲದಿದ್ದರೆ ಅಕ್ಕ ಕರೆದುಕೊಂಡು ಹೋಗುತ್ತಾಳೆ. ಹೇಗಿದ್ದರೂ ಇನ್ನೊಬ್ಬಳ ಪಾಲೇ. ಆದರೆ ಒಬ್ಬಳು ಬರೀ ಹಾಡು.

“ಓಫಾ,” ಎಂದು ಕೂಗಿದಳು. “ಆ ಬಿಳಿ ಹುಡುಗಿಗೆ ಫೋನು ಹಚ್ಚೇ.”

ವಿಕಾ ಒಂದೇ ಒಂದು ತಿದ್ದುಪಡಿ ಮಾಡಿದಳು. “ದೊಡ್ಡತ್ತೆಗೆ ಹೋಗಿ ಅನ್ನೋಕಾಗಲ್ಲ. ಹೆದರ್‌ಗೆ ಮಧ್ಯಾಹ್ನ ಬಾ ಅನ್ನಬಹುದಲ್ಲ? ಆ ಹೊತ್ತಿಗೆ ದೊಡ್ಡತ್ತೆ ಚರ್ಚಿನಲ್ಲಿ ಮಕ್ಕಳಿಂದ ಹಬ್ಬದ ಪಾಠ ಒಪ್ಪಿಸ್ಕೊಳ್ತಿರ್ತಾರೆ.”

“ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?”

“ನನ್ನ ಮಾತು ಈ ಮನೇಲಿ ಯಾರು ಕೇಳ್ತಾರೆ? ನಾನೇನು ಗಿಟಾರು ಬಾರಿಸ್ತೀನಾ?”

ಹೆದರ್ ಗುರುವಾರಕ್ಕೆ ಕಾಯದೆ ಮರುದಿನ ಮಧ್ಯಾಹ್ನವೇ ಓಡಿ ಬಂದಳು. ಫೆಲೆತಿ ಹಾಡಿದ, ಉಂಡ, ಸ್ನಾನ ಮಾಡಿದ. ಹೊರಡುವಾಗ ಅವಳು ಪಿಸಿಲಾಳ ಕೈ ಹಿಡಿದುಕೊಂಡು ಹೇಳಿದಳು, “ನಾನು ವಾರಕ್ಕೊಮ್ಮೆ ಬರೋಳು. ಉಳಿದ ದಿನ ನೀವೇ ಹಾಡಬೇಕು, ಪಿಸಿಲಾ. ಸ್ನಾನಕ್ಕೆ ಮುಂಚೆ, ಊಟಕ್ಕೆ ಮುಂಚೆ. ಅವರ ಬೆರಳು ನೋಡ್ಕೊಂಡು ಹಾಡಿ.”

“ಆ ಹಾಡನ್ನ? ನಾನು?”

“ನಿಮ್ಮ ದನಿ ಚೆನ್ನಾಗಿದೆಯಲ್ಲ.”

ಪಿಸಿಲಾ ಗಿಟಾರು ಎತ್ತಿ ಅವಳ ಹೆಗಲಿಗೆ ಹಾಕಿದಳು. ಮೂರು ದಿನ ಹಾಡಲು ಬಾಯಿ ತೆರೆಯಲಿಲ್ಲ. ಮೊಗ್ಗು ಚಿವುಟುವುದನ್ನೂ ಬಿಡಲಿಲ್ಲ.

*

ಗುರುವಾರ ಮಧ್ಯಾಹ್ನ ಗಿಟಾರು ನಡೆದಿತ್ತು. ಫೆಲೆತಿ ಒಳ್ಳೆಯ ಕುರ್ಚಿಯಲ್ಲಿ ರಾಜನಂತೆ ಕೂತು, ಕಣ್ಣು ಮುಚ್ಚಿ, ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹಾಡುತ್ತಿದ್ದ. ಪಿಸಿಲಾ ಅಡುಗೆಮನೆಯಲ್ಲಿ ಮರಗೆಣಸು ಹೆಚ್ಚುತ್ತಿದ್ದಳು, ಬೇಕಾದದ್ದಕ್ಕಿಂತ ಜೋರಾಗಿ. ಆಗ ಖಾಲಿ ಪೆಟ್ಟಿಗೆ ಹಿಡಿದುಕೊಂಡು ಲವಿನಿಯಾ ಬಾಗಿಲಲ್ಲಿ ನಿಂತಳು. ಮಕ್ಕಳ ಪಾಠ ಬೇಗ ಮುಗಿದಿತ್ತು.

ಫೆಲೆತಿ ಕಣ್ಣು ತೆರೆದ. ‘ಗಾಳಿ ತಿರುಗಿದಾಗ’ ಎಂಬಲ್ಲಿಗೆ ಹಾಡು ನಿಂತಿತು. ಅವನು ಕೈ ಚಾಚಿ ಗಿಟಾರಿನ ತಂತಿಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದ, ಟಿವಿ ಆರಿಸಿದಂತೆಯೇ. ಎದ್ದು ಗುಂಡಿ ಹಾಕಿಕೊಂಡ. ಗೋಡೆಯ ಪಕ್ಕ ಹೋಗಿ ಚಾಪೆಯ ಮೇಲೆ ಕೂತು ತಲೆ ತಗ್ಗಿಸಿದ.

“ನಾನೇನಾದ್ರೂ ತಪ್ಪು ನುಡಿಸಿದ್ನಾ?” ಎಂದಳು ಹೆದರ್.

ಲವಿನಿಯಾ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಮನೆಯ ಪಕ್ಕದಿಂದ ಹಿತ್ತಲಿಗೆ ನಡೆದಳು. ಪಿಸಿಲಾ ಕೈಯಲ್ಲಿದ್ದ ಚಾಕು ಸಮೇತ ಹಿಂದೆ ಹೋದಳು. ಲವಿನಿಯಾ ಸಿಯಾಲೆ ಗಿಡದ ಹತ್ತಿರ ನಿಂತಿದ್ದಳು. ಬುಡದಲ್ಲಿ ಒಣಗಿದ ಮೊಗ್ಗುಗಳ ರಾಶಿ.

“ಎಷ್ಟು ಹೊತ್ತಿಂದ ಹಾಡ್ತಿದ್ದ?”

“ಹುಡುಗಿ ಬಂದಾಗಿಂದ.”

“ನಾನು ಗೇಟಿನ ಹತ್ತಿರ ಬಂದಾಗ ಯಾರೋ ಹುಡುಗ ಹಾಡ್ತಿದಾನೆ ಅಂದ್ಕೊಂಡೆ.” ಲವಿನಿಯಾಳ ಬೀಸಣಿಗೆ ಕೈಯಲ್ಲಿ ಸುಮ್ಮನಿತ್ತು. “ನನ್ನ ಮುಂದೆ ಹೀಗೇ ಕೂತಿರ್ತಾನಾ ಯಾವಾಗ್ಲೂ? ತಲೆ ತಗ್ಗಿಸ್ಕೊಂಡು?”

“ನೀವು ಅಕ್ಕ ಅಲ್ವಾ ಅತ್ತಿಗೆ. ಅದು ಮರೆಯಲ್ಲ ಅವರಿಗೆ.”

“ಎಲ್ಲ ಮರೆತಿದಾನೆ, ಇದೊಂದು ಮರೀಬಾರದಿತ್ತಾ!” ಲವಿನಿಯಾಳ ದನಿ ಒಡೆಯಿತು. ಅವಳು ಅದನ್ನು ಸಿಟ್ಟಾಗಿ ತಿರುಗಿಸಿಕೊಂಡಳು. “ನಿನ್ನ ಹೆಸರು ಮರೆತ ಅಂತ ಹೊಟ್ಟೆ ಉರ್ಕೊಳ್ತೀಯ ನೀನು. ನನ್ನ ನೆನಪಿದೆ ಅನ್ನೋದಕ್ಕೇ ನನ್ನ ಮುಂದೆ ಬಾಯಿ ಕಟ್ಟಿಸ್ಕೊಂಡು ಕೂರ್ತಾನೆ. ನಿನ್ನೆದುರಿಗೆ ಬಾಯ್ತುಂಬ ಹಾಡ್ತಾನೆ. ನನ್ನ ಹಿತ್ತಲ ಮನೇಲಿಟ್ಕೊಂಡ್ರೆ ಸಾಯೋವರೆಗೂ ಮೂಗ. ಯಾರು ಉರ್ಕೋಬೇಕು ಹೇಳು, ನೀನಾ ನಾನಾ?”

ನಲವತ್ತೊಂಬತ್ತು ವರ್ಷ ಪಿಸಿಲಾ ಈ ಹೆಂಗಸಿನ ಮೇಲೆ ಅಸೂಯೆಪಟ್ಟಿದ್ದಳು. ಅದು ತಿರುಗಿ ತನ್ನ ಕಡೆಗೂ ಬರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಸುಳ್ಳೇಕೆ, ಒಂದು ಗಳಿಗೆ ಅವಳಿಗೆ ಅದು ಸಿಹಿಯಾಗಿಯೇ ಇತ್ತು.

“ಅವನು ಇಲ್ಲೇ ಇರ್ಲಿ,” ಎಂದಳು ಲವಿನಿಯಾ, ಅಪ್ಪಣೆಯ ದನಿಯಲ್ಲಿ. “ಇದು ನನ್ನ ಮಾತು. ಸೆಮಿಸಿಗೆ ಹೇಳು.”

“ಆಗ್ಲಿ ಅತ್ತಿಗೆ.”

“ಮತ್ತೆ ಕೇಳು. ನಾನು ಏನೂ ಕೇಳಿಸ್ಕೊಂಡಿಲ್ಲ, ಯಾವ ಹಾಡೂ ನನಗೆ ಗೊತ್ತಿಲ್ಲ.” ಅವಳು ಬೀಸಣಿಗೆಯ ತುದಿಯಿಂದ ಗಿಡದ ಒಂದು ಕೊಂಬೆ ಎತ್ತಿದಳು. “ನಮ್ಮ ಹಳ್ಳೀಲಿ ಒಂದು ಸಿಯಾಲೆ ಗಿಡ ಇತ್ತು. ನೀನು ನಮ್ಮನೆಗೆ ಬರೋಕ್ಕೆ ಎಷ್ಟೋ ಮುಂಚೆ ಅದನ್ನ ಬೇರು ಸಮೇತ ಕಿತ್ತು ಬೇರೆ ದ್ವೀಪಕ್ಕೆ ಕೊಟ್ಟುಬಿಟ್ರು. ಅಲ್ಲಿ ಅದಕ್ಕೆ ಬೇರೆ ಬೇಲಿ ಆಯ್ತು. ಈ ಗಿಡದ ಮೊಗ್ಗು ಚಿವುಟಿದ್ರೆ ಅಲ್ಲಿ ಏನೂ ಉದುರಲ್ಲ, ಹುಡುಗೀ.”

ಅವಳು ಒಳಗೆ ಬಂದು ಪೆಟ್ಟಿಗೆ ಎತ್ತಿಕೊಂಡಳು. ತಮ್ಮನ ಹತ್ತಿರ ಹೋಗಲಿಲ್ಲ. ಬಾಗಿಲಿಂದಲೇ “ಹೋಗಿ ಬರ್ತೀನಿ ಫೆಲೆತಿ” ಎಂದಳು. ಅವನು ಎದ್ದು ನಿಂತು, ಅವಳು ಗೇಟು ದಾಟುವವರೆಗೂ ತಲೆ ಎತ್ತಲಿಲ್ಲ.

*

ಮಂಗಳವಾರ ಲವಿನಿಯಾ ಒಬ್ಬಳೇ ವಿಮಾನ ಹತ್ತಿದಳು. ಅವಳ ಪೆಟ್ಟಿಗೆಯನ್ನು ಸೆಮಿಸಿಯೇ ಎತ್ತಿ ಹಾಕಿದ.

ಬುಧವಾರ ಆಸ್ಪತ್ರೆಯಿಂದ ಬಂದ ಪಿಸಿಲಾಳಿಗೆ ಸುಸ್ತು. ವಿಕಾ ಬಿಸಿನೀರು ತೋಡಿಟ್ಟು ಸ್ನಾನದ ಮನೆಯಿಂದ ಕೂಗಿದಳು, “ಅತ್ತೆ, ಮಾವ ಏಳ್ತಿಲ್ಲ. ಒಂಚೂರು ಹಾಡ್ತೀರಾ, ಇಲ್ಲ ನಾನೇ ಹಾಡ್ಲಾ? ನಾನು ಹಾಡಿದ್ರೆ ಇವರು ಎದ್ದು ಓಡಿಹೋಗ್ತಾರೆ!”

ಪಿಸಿಲಾ ಅವನ ಎದುರು ಸ್ಟೂಲು ಎಳೆದುಕೊಂಡು ಕೂತಳು. ಅವನ ಬೆರಳು ಕುರ್ಚಿಯ ಕೈ ಮೇಲೆ ಬಡಿಯುತ್ತಿತ್ತು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹಲ್ಲು ಕಚ್ಚಿಕೊಂಡು, ಬೆಟ್ಟದ ಬದಿಯ ಸಿಯಾಲೆಯೇ ಎಂದು ಎತ್ತಿಕೊಂಡಳು. ಅವನ ದನಿ ಬಂದು ಸೇರಿತು. ಅವಳು ಹೆಂಗಸರ ಎರಡನೇ ದನಿಗೆ ಇಳಿದಳು. ಅವನ ಮೇಳದಲ್ಲಿ ಅಷ್ಟು ವರ್ಷ ಅದನ್ನೇ ಹಾಡಿದವಳು ಅವಳು.

“ಅಲ್ಲಿ ಸ್ವರ ಇಳೀತು,” ಎಂದ ಫೆಲೆತಿ, ಬೆರಳೆತ್ತಿ. “ಮತ್ತೊಮ್ಮೆ.”

ಅವಳು ಮತ್ತೊಮ್ಮೆ ಹಾಡಿದಳು. ಇಬ್ಬರ ದನಿಯೂ ಸೇರಿ ಏರತೊಡಗಿತು. ಒಮ್ಮೆಲೇ ಅವನು ಬೆರಳನ್ನು ತುಟಿಯ ಮೇಲಿಟ್ಟ. ಅಡುಗೆಮನೆಯ ಕಡೆ ತಿರುಗಿ ನೋಡಿದ. ಮುಂದಕ್ಕೆ ಬಾಗಿ ಅವಳ ಕಿವಿಯ ಹತ್ತಿರ ಪಿಸುಗುಟ್ಟಿದ.

“ಮೆಲ್ಲಗೆ ಹಾಡಮ್ಮ. ಪಿಸಿಲಾ ಒಳಗಿದಾಳೆ.”

ಪಿಸಿಲಾ ಹಾಡು ನಿಲ್ಲಿಸಿದಳು. “ಯಾರು?”

“ಪಿಸಿಲಾ. ನನ್ನ ಹೆಂಡತಿ. ಈ ಹಾಡು ಕೇಳಿದ್ರೆ ಆಯ್ತು ಕಥೆ. ಬಹಳ ಹೊಟ್ಟೆಕಿಚ್ಚಿನೋಳು.” ಅವನು ಹಾಗೆಂದು ತನ್ನೊಳಗೇ ನಕ್ಕ. “ಅದಕ್ಕೇ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಪಾಪ, ನೊಂದ್ಕೊಳ್ತಾಳೆ. ನೀನು ಹೇಳ್ಬೇಡ.”

ಸ್ನಾನದ ಮನೆಯಿಂದ ವಿಕಾ ನೀರು ಆರುತ್ತಿದೆ ಎಂದು ಕೂಗಿದಳು. ಪಿಸಿಲಾ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡಳು.

“ಇಲ್ಲ, ಹೇಳಲ್ಲ,” ಎಂದಳು. “ಇನ್ನೊಂದ್ಸಲ ಅವಳ ಹೆಸರು ಹೇಳಿ, ಮರೆತುಬಿಟ್ಟೆ.”